ಬೇಲೂರು, ಹಳೇಬೀಡು: ಹಿರಿಯರ ಮಂಡಿಗೆ ಒಗ್ಗುವ ಒಂದು ದಿನ

ಪ್ರಶ್ನೆ: ನನ್ನ ತಂದೆಯವರಿಗೆ 78 ವರ್ಷ, ಬಹುಕಾಲದಿಂದ ಸಕ್ಕರೆ ಕಾಯಿಲೆಯಿದೆ. ತಾಯಿಗೆ 72, ಎರಡೂ ಮಂಡಿ ಸವೆದಿವೆ ಎಂದು ವೈದ್ಯರು ಹೇಳಿದ್ದಾರೆ. ಜೊತೆಗೆ 69ರ ಚಿಕ್ಕಮ್ಮ ಬರುತ್ತಾರೆ, ಅವರು ಗಟ್ಟಿಮುಟ್ಟಾಗಿದ್ದಾರೆ. ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಬೆಳಗಿನ ಜಾವ 4ಕ್ಕೆ ಹೊರಟು ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮೂರನ್ನೂ ನೋಡಿಕೊಂಡು ಅದೇ ರಾತ್ರಿ ಮರಳಬೇಕೆಂದಿದ್ದೇವೆ. ಅವರಿಗೆ ಆಯಾಸವಾಗದಂತೆ ಇದನ್ನು ಹೇಗೆ ಹೊಂದಿಸಿಕೊಳ್ಳಬಹುದು?

ಉತ್ತರ: ನೀವು ಬರೆದಿರುವ ರೀತಿಯಲ್ಲೇ ಹೊರಟರೆ ಆಯಾಸವಾಗದಂತೆ ಮಾಡುವ ಉಪಾಯ ನನಗೆ ತಿಳಿದಿಲ್ಲ. ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 185 ಕಿಲೋಮೀಟರ್. ಹಾಸನದಿಂದ ಬೇಲೂರು, ಬೇಲೂರಿನಿಂದ ಹಳೇಬೀಡು, ಅಲ್ಲಿಂದ ಮತ್ತೆ ಹಾಸನ ಎಂದು ಸುತ್ತು ಹೊಡೆದರೆ ಇನ್ನೊಂದು 90 ಕಿಲೋಮೀಟರ್. ಹೋಗಿಬರುವ ದಾರಿಯೆಲ್ಲ ಸೇರಿದರೆ 450 ದಾಟುತ್ತದೆ, ಅಂದರೆ ಊಟ ತಿಂಡಿಯ ಸಮಯ ಬಿಟ್ಟು ಒಂಬತ್ತು ಹತ್ತು ಗಂಟೆ ಕಾರಿನಲ್ಲಿಯೇ ಕಳೆಯುತ್ತದೆ. ಮಂಡಿ ಮಡಚಿಕೊಂಡು ಅಷ್ಟು ಹೊತ್ತು ಕುಳಿತವರನ್ನು ದೇವಸ್ಥಾನದ ಬಾಗಿಲಲ್ಲಿ ಇಳಿಸಿ ‘ಬನ್ನಿ, ನೋಡೋಣ’ ಎಂದರೆ ಅವರಿಂದ ಬರುವ ಉತ್ತರವನ್ನು ನಾನು ಹಲವು ಕುಟುಂಬಗಳಲ್ಲಿ ಕೇಳಿದ್ದೇನೆ: ‘ನಾನು ಇಲ್ಲೇ ಕಾರಲ್ಲಿ ಕೂತಿರ್ತೀನಿ, ನೀವು ನೋಡ್ಕೊಂಡು ಬನ್ನಿ.’ ಆ ಮಾತನ್ನು ಕಿರಿಯರು ಸಮಾಧಾನವೆಂದು ತಿಳಿಯುತ್ತಾರೆ. ಅದು ಸೋತವರ ಮಾತು. ಯಾರ ಸಲುವಾಗಿ ಪ್ರವಾಸ ಹೊರಟಿತೋ ಅವರ ಬಾಯಿಂದ ಆ ಮಾತು ಬರದಂತೆ ಇಡೀ ದಿನವನ್ನು ಕಟ್ಟುವುದು ಹೇಗೆಂದು ಈಗ ನೋಡೋಣ.

ಮೊದಲು ಶ್ರವಣಬೆಳಗೊಳವನ್ನು ಈ ದಿನದಿಂದ ತೆಗೆಯಿರಿ. ವಿಂಧ್ಯಗಿರಿಯ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಆರು ನೂರಕ್ಕೂ ಹೆಚ್ಚು, ಅವನ್ನು ಬರಿಗಾಲಿನಲ್ಲಿಯೇ ಹತ್ತಬೇಕು. ಹತ್ತುವುದು ಉಸಿರಿಗೆ ಕಷ್ಟವಾದರೆ ಇಳಿಯುವುದು ಮಂಡಿಗೆ ಅದಕ್ಕಿಂತ ಕಷ್ಟ. ಹೊತ್ತೊಯ್ಯುವ ಡೋಲಿಯ ವ್ಯವಸ್ಥೆ ಇದೆ, ನಿಜ. ಆದರೆ ಎತ್ತರದಲ್ಲಿ ಓಲಾಡುತ್ತ ಹೋಗುವುದು ಹಲವು ಹಿರಿಯರಿಗೆ ಭಯ, ಇನ್ನು ಕೆಲವರಿಗೆ ಬೇರೆಯವರ ಹೆಗಲ ಮೇಲೆ ಹೋಗುವುದೆಂದರೆ ಸಂಕೋಚ. ತಾಯಿಯವರನ್ನು ಮೊದಲೇ ಕೇಳಿ, ಅವರೇ ಒಪ್ಪಿದರೆ ಅದಕ್ಕೆಂದೇ ಬೇರೊಂದು ದಿನವನ್ನಿಡಿ.

ಎರಡನೆಯದು, ಹಿಂದಿನ ದಿನ ಮಧ್ಯಾಹ್ನವೇ ಬೆಂಗಳೂರು ಬಿಟ್ಟು ರಾತ್ರಿ ಹಾಸನದಲ್ಲಿ ತಂಗಿರಿ. ಬೆಂಗಳೂರಿನಿಂದ ಹಾಸನಕ್ಕೆ ರೈಲೂ ಇದೆ. ರೈಲಿನಲ್ಲಿ ಎದ್ದು ಓಡಾಡಬಹುದು, ಶೌಚಾಲಯ ಕೈಗೆಟುಕುವಷ್ಟು ಹತ್ತಿರವಿರುತ್ತದೆ, ಹಾಸನದಲ್ಲಿ ಇಳಿದ ಮೇಲೆ ಬಾಡಿಗೆ ಕಾರು ಹಿಡಿದರಾಯಿತು. ಸ್ವಂತ ಕಾರಿನಲ್ಲಿ ಬರುವುದಾದರೆ ಗಂಟೆಗೊಮ್ಮೆ ನಿಲ್ಲಿಸಿ ಎಲ್ಲರೂ ಐದು ನಿಮಿಷ ನಡೆದಾಡಬೇಕು. ಮಂಡಿನೋವಿನವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ. ದೊಡ್ಡ ಗಾಡಿ ಆರಾಮ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದರ ಮೆಟ್ಟಿಲು ಎತ್ತರ. ಒಂದು ದಿನದಲ್ಲಿ ಹತ್ತು ಹನ್ನೆರಡು ಸಲ ಹತ್ತಿ ಇಳಿಯುವುದೇ ಒಂದು ಬೆಟ್ಟ ಹತ್ತಿದಂತಾಗುತ್ತದೆ. ಸ್ನಾನದ ಮನೆಯಲ್ಲಿ ಇಡುವಂಥ ಗಟ್ಟಿಯಾದ ಒಂದು ಪುಟ್ಟ ಮಣೆಯನ್ನು ಗಾಡಿಯಲ್ಲಿ ಇಟ್ಟುಕೊಂಡು, ಬಾಗಿಲು ತೆಗೆದಾಗಲೆಲ್ಲ ಅದನ್ನು ಕೆಳಗಿಡಿ. ಆ ಮಣೆಯಷ್ಟು ಉಪಕಾರ ಮಾಡಿದ ಇನ್ನೊಂದು ವಸ್ತುವನ್ನು ನಾನು ಇಂಥ ಪ್ರವಾಸಗಳಲ್ಲಿ ಕಂಡಿಲ್ಲ.

ದಿನ ವಾರದ ನಡುವಿನದಾಗಿರಲಿ. ಡಿಸೆಂಬರ್ ಒಳ್ಳೆಯ ಕಾಲವೇ, ಬಿಸಿಲು ಹದವಾಗಿರುತ್ತದೆ. ಆದರೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುವ ತಿಂಗಳೂ ಅದೇ. ನೂರು ಮಕ್ಕಳು ಒಟ್ಟಿಗೆ ಗರ್ಭಗುಡಿಯತ್ತ ನುಗ್ಗುವಾಗ ಊರುಗೋಲು ಹಿಡಿದವರು ಗೋಡೆಗೆ ಒರಗಿ ನಿಲ್ಲಬೇಕಾಗುತ್ತದೆ. ಬೆಳಿಗ್ಗೆ ಬೇಗ ಹೋಗುವುದೇ ಇದಕ್ಕೆ ಪರಿಹಾರ.

ಹಾಗಾಗಿ ಬೆಳಿಗ್ಗೆ 7ಕ್ಕೆ ತಿಂಡಿ ಮುಗಿಸಿ ಹೊರಟು 8ರ ಸುಮಾರಿಗೆ ಬೇಲೂರಿನಲ್ಲಿರಿ. ಬೇಲೂರು ಮೊದಲು, ಹಳೇಬೀಡು ಆಮೇಲೆ. ಬಹಳ ಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ. ಚೆನ್ನಕೇಶವನ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಮಹಾದ್ವಾರದ ಹೊರಗೇ ಚಪ್ಪಲಿ ಬಿಡಬೇಕು, ಒಳಗಿನ ವಿಶಾಲವಾದ ಅಂಗಳಕ್ಕೆ ಕಲ್ಲುಚಪ್ಪಡಿ ಹಾಸಿದೆ. ಬೆಳಿಗ್ಗೆ 8ಕ್ಕೆ ಅಂಗಾಲಿಗೆ ತಣ್ಣಗೆ ಹಿತವಾಗಿರುವ ಅದೇ ಕಲ್ಲು ಮಧ್ಯಾಹ್ನದ ಹೊತ್ತಿಗೆ ಕಾದ ಹಂಚಿನಂತಾಗುತ್ತದೆ. ಮಧ್ಯಾಹ್ನ ಕೆಲಹೊತ್ತು ದರ್ಶನವೂ ಇರುವುದಿಲ್ಲ.

ಇಲ್ಲಿ ನಿಮ್ಮ ತಂದೆಯವರ ಬಗ್ಗೆ ವಿಶೇಷವಾಗಿ ಹೇಳಬೇಕು. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಎಷ್ಟೋ ಜನರಿಗೆ ಪಾದದ ಸ್ಪರ್ಶಜ್ಞಾನ ಕುಂದಿರುತ್ತದೆ. ನಮಗೆ ಸುಟ್ಟರೆ ಕಾಲು ತಾನಾಗಿಯೇ ಎಗರುತ್ತದೆ, ಅವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ ನಾನು ಜೊತೆಗಿದ್ದ ಒಂದು ತಂಡದಲ್ಲಿ ಹಿರಿಯರೊಬ್ಬರು ಮಧ್ಯಾಹ್ನ 12ರ ಬಿಸಿಲಿನಲ್ಲಿ ಇಂಥದೇ ಅಂಗಳವನ್ನು ನಿಧಾನವಾಗಿ, ಮಾತಾಡುತ್ತ ದಾಟಿದರು. ಸಂಜೆ ಕೋಣೆಯಲ್ಲಿ ಕಾಲು ತೊಳೆಯುವಾಗ ಅಂಗಾಲಿನಲ್ಲಿ ಎರಡು ಬೊಬ್ಬೆಗಳು ಕಂಡವು. ಆ ಗಾಯ ಮಾಯಲು ತಿಂಗಳುಗಳೇ ಬೇಕಾದವು. ಅಂದಿನಿಂದ ಬಿಸಿಲೇರಿದ ಮೇಲೆ ಯಾರನ್ನೂ ಬರಿಗಾಲಿನ ಅಂಗಳಕ್ಕೆ ಕರೆದೊಯ್ಯಬಾರದೆಂದು ನಿಶ್ಚಯಿಸಿದ್ದೇನೆ. ಮೂವರಿಗೂ ದಪ್ಪ ಹತ್ತಿಯ ಕಾಲುಚೀಲ ತೊಡಿಸಿ. ಅದರ ಅಡಿಯಲ್ಲಿ ರಬ್ಬರಿನ ಚುಕ್ಕಿಗಳಿರುವುದು ಮುಖ್ಯ. ಸಾದಾ ಕಾಲುಚೀಲ ಗುಡಿಯೊಳಗಿನ ನುಣ್ಣನೆಯ ಕಲ್ಲಿನ ಮೇಲೆ ಜಾರುತ್ತದೆ, ಬಿದ್ದರೆ ಸೊಂಟದ ಮೂಳೆಗೇ ಅಪಾಯ. ರಾತ್ರಿ ಮಲಗುವ ಮುನ್ನ ತಂದೆಯವರ ಎರಡೂ ಪಾದಗಳನ್ನು ದೀಪದ ಬೆಳಕಿನಲ್ಲಿ, ಬೆರಳ ಸಂದು ಬಿಡದೆ, ನೀವೇ ನೋಡಿ.

ಬೇಲೂರಿನ ಗುಡಿ ಜಗತಿಯ, ಅಂದರೆ ಎತ್ತರದ ಕಲ್ಲುಕಟ್ಟೆಯ, ಮೇಲೆ ನಿಂತಿದೆ. ಮೆಟ್ಟಿಲುಗಳು ಎಣಿಕೆಯಲ್ಲಿ ಹೆಚ್ಚಿಲ್ಲ, ಆದರೆ ಒಂದೊಂದೂ ಎತ್ತರ, ಎಲ್ಲ ಕಡೆ ಹಿಡಿಯಲು ಕಂಬಿಯಿಲ್ಲ. ಹತ್ತುವಾಗ ನೋವು ಕಡಿಮೆಯಿರುವ ಕಾಲು ಮೊದಲು, ಇಳಿಯುವಾಗ ನೋವು ಹೆಚ್ಚಿರುವ ಕಾಲು ಮೊದಲು. ಊರುಗೋಲು ಇರಬೇಕಾದದ್ದು ಹೆಚ್ಚು ನೋಯುವ ಮಂಡಿಯ ಎದುರು ಬದಿಯ ಕೈಯಲ್ಲಿ. ತಾಯಿಯವರಿಗೆ ಇದನ್ನು ಮನೆಯ ಮೆಟ್ಟಿಲಲ್ಲೇ ನಾಲ್ಕು ದಿನ ರೂಢಿ ಮಾಡಿಸಿ. ಇಳಿಯುವಾಗ ನೀವು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ, ಮುಖ ಅವರ ಕಡೆಗೆ ಇರುವಂತೆ ನಿಲ್ಲಿ. ತೋಳು ಹಿಡಿದು ಎಳೆಯಬೇಡಿ, ನಿಮ್ಮ ಮುಂಗೈಯನ್ನು ಅವರು ಹಿಡಿಯಲಿ.

ಒಳಗೆ ಹೋದ ಮೇಲೆ ಎಲ್ಲವನ್ನೂ ನೋಡಲೇಬೇಕೆಂಬ ಹಟ ಬೇಡ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠೆಯಾದ ಈ ಗುಡಿಯ ಹೆಸರಾಂತ ಮದನಿಕೆಯರು, ಅಂದರೆ ಸುಂದರಿಯರ ಶಿಲ್ಪಗಳು, ಒಟ್ಟು 42. ಅವರಲ್ಲಿ ನಾಲ್ವರು ನವರಂಗದ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದ, ಒಳಗಿದ್ದಾರೆ, ಉಳಿದವರು ಹೊರಗೆ ಸೂರಿನ ಕೆಳಗೆ, ನಿಂತವರ ತಲೆಗಿಂತ ಬಹಳ ಮೇಲೆ. ಅವರನ್ನೆಲ್ಲ ಕತ್ತೆತ್ತಿ ನೋಡುತ್ತ ಸುತ್ತು ಹಾಕಿದರೆ ಹಿರಿಯರಿಗೆ ಕತ್ತುನೋವು, ಕೆಲವರಿಗೆ ತಲೆಸುತ್ತು ಬರುವುದು ಖಚಿತ. ಒಂದು ಸಣ್ಣ ದುರ್ಬೀನು ಒಯ್ಯಿರಿ. ಗುಡಿಯಿಂದ ಸ್ವಲ್ಪ ದೂರ ಸರಿದು, ನೆರಳಿರುವ ಕಡೆ ಮಡಚುವ ಕುರ್ಚಿ ಹಾಕಿ ಕುಳಿತು ನೋಡಿದರೆ ಕತ್ತನ್ನು ಅಷ್ಟು ಎತ್ತಬೇಕಿಲ್ಲ. ಗುಡಿ ಪೂರ್ವಕ್ಕೆ ಮುಖ ಮಾಡಿರುವುದರಿಂದ, ಚಳಿಗಾಲದ ಬೆಳಿಗ್ಗೆ ಪಡುವಣ ಮತ್ತು ಬಡಗಣ ಬದಿಗಳಲ್ಲಿ ನೆರಳಿರುತ್ತದೆ. ಒಬ್ಬ ಮದನಿಕೆಯ ನೆತ್ತಿಯ ಮೇಲಿನ ಎಲೆಬಳ್ಳಿಯಲ್ಲಿ ಒಂದು ಹಲಸಿನ ಹಣ್ಣು, ಅದರ ಮೇಲೆ ಕುಳಿತ ನೊಣ, ನೊಣವನ್ನು ಹಿಡಿಯಲು ಹೊಂಚು ಹಾಕಿರುವ ಹಲ್ಲಿ ಇವೆ. ಇಷ್ಟನ್ನು ಬರಿಗಣ್ಣಿಗೆ ತೋರಿಸಲು ಹೋದರೆ ‘ಹೂಂ, ಕಂಡಿತು’ ಎಂದು ನಿಮ್ಮ ಸಮಾಧಾನಕ್ಕೆ ಹೇಳುತ್ತಾರೆ. ದುರ್ಬೀನಿನಲ್ಲಿ ತೋರಿಸಿ, ಅಥವಾ ಚಿಕ್ಕಮ್ಮನವರು ಮೊಬೈಲಿನಲ್ಲಿ ಹತ್ತಿರಕ್ಕೆ ಎಳೆದು ಚಿತ್ರ ತೆಗೆದು ನೆರಳಿಗೆ ತಂದು ತೋರಿಸಲಿ. ಆಗ ಮುಖದಲ್ಲಿ ಬರುವ ಅರಳು ಬೇರೆಯೇ. ಗಟ್ಟಿಮುಟ್ಟಾದ ಒಬ್ಬರು ಜೊತೆಗಿರುವುದು ನಿಮ್ಮ ಭಾಗ್ಯ. ಅವರನ್ನು ಉಳಿದಿಬ್ಬರ ನಡಿಗೆಗೆ ಕಟ್ಟಿಹಾಕದೆ ಅವರ ಪಾಡಿಗೆ ಸುತ್ತಲು ಬಿಡಿ.

ಗರ್ಭಗುಡಿಗೆ ಹೋಗುವಾಗ ನವರಂಗದಲ್ಲಿ ಬೆಳಕು ಕಡಿಮೆ, ಹೊಸ್ತಿಲುಗಳು ಎತ್ತರ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟ ಕೂಡಲೇ ವಯಸ್ಸಾದ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವುದು ತಡ. ಬಾಗಿಲ ಬಳಿ ಒಂದು ನಿಮಿಷ ನಿಂತು, ಹೊಸ್ತಿಲಿಗೆ ಟಾರ್ಚ್ ಹಿಡಿದು, ಆಮೇಲೆ ಮುಂದಕ್ಕೆ ಹೋಗಿ. ಕಡೆದು ಹೊಳಪಿಟ್ಟ ಕಂಬಗಳ ನಡುವೆ, ತಣ್ಣನೆಯ ಕತ್ತಲಲ್ಲಿ ನಿಲ್ಲುವುದೇ ಒಂದು ಸುಖ. ಮಾರ್ಗದರ್ಶಕರನ್ನು ಗೊತ್ತುಮಾಡಿಕೊಳ್ಳುವುದಾದರೆ ಮೊದಲೇ ತಿಳಿಸಿ: ನಾವು ನಿಧಾನ, ಕುಳಿತು ಕೇಳುತ್ತೇವೆ, ಅರ್ಧದಷ್ಟು ತೋರಿಸಿದರೂ ಸಾಕು, ಸಂಭಾವನೆ ಪೂರ್ತಿ ಕೊಡುತ್ತೇವೆ. ಹೀಗೆ ಹೇಳಿದರೆ ಅವರಿಗೂ ಅವಸರವಿರುವುದಿಲ್ಲ.

ಹತ್ತೂವರೆಯ ಹೊತ್ತಿಗೆ ಅಂಗಳ ಬಿಡಿ. ಇಲ್ಲಿಂದ ಮಧ್ಯಾಹ್ನ 3ರವರೆಗಿನ ಸಮಯವನ್ನು ಏನೂ ನೋಡದೆ ಕಳೆಯಬೇಕು. ಇದೊಂದು ಮಾತಿಗೆ ಕಿರಿಯರು ಬಹಳ ಆಕ್ಷೇಪ ಎತ್ತುತ್ತಾರೆ, ಇಷ್ಟು ದೂರ ಬಂದು ನಿದ್ದೆ ಮಾಡುವುದೇ ಎಂದು. ಆದರೆ ಈ ವಿರಾಮವನ್ನು ಕತ್ತರಿಸಿದರೆ ಸಂಜೆಯ ಹಳೇಬೀಡು ಕಾರಿನ ಕಿಟಕಿಯಿಂದಲೇ ಮುಗಿಯುತ್ತದೆ. ಬೇಲೂರಿನಲ್ಲಿ ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ವೇಲಾಪುರಿ ಇದೆ, ಹಳೇಬೀಡಿನಲ್ಲಿ ಮಯೂರ ಶಾಂತಲಾ ಇದೆ. ಇವುಗಳಲ್ಲೋ ಬೇರೆ ಯಾವುದಾದರೂ ವಸತಿಗೃಹದಲ್ಲೋ ಮುಂಚಿತವಾಗಿ ಫೋನ್ ಮಾಡಿ, ನೆಲಮಹಡಿಯಲ್ಲಿ, ಪಾಶ್ಚಾತ್ಯ ಮಾದರಿಯ ಶೌಚಾಲಯವಿರುವ ಕೋಣೆಯನ್ನು ಹಿಡಿಯಿರಿ. ಕೆಲವೇ ಗಂಟೆಗೆ ಇಡೀ ದಿನದ ಬಾಡಿಗೆ ಕೊಡಬೇಕಾದರೂ ಕೊಡಿ. ಕಾಲು ಚಾಚಿ ಮಲಗಿದ ಎರಡು ಗಂಟೆ ಮಂಡಿಗೆ ಯಾವ ಮಾತ್ರೆಗಿಂತಲೂ ಹೆಚ್ಚಿನ ಉಪಶಮನ ನೀಡುತ್ತದೆ.

ತಂದೆಯವರ ಊಟದ ಹೊತ್ತು ತಪ್ಪಬಾರದು. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಡವಾದರೆ ಸಕ್ಕರೆ ಕುಸಿಯಬಹುದು. ಬೆವರು, ಕೈನಡುಕ, ಮಂಕು ಕಂಡರೆ ತಡಮಾಡದೆ ಗ್ಲೂಕೋಸ್ ಅಥವಾ ಸಕ್ಕರೆ ಕೊಡಬೇಕು, ಅದು ನಿಮ್ಮ ಜೇಬಿನಲ್ಲೇ ಇರಲಿ, ಕಾರಿನಲ್ಲಿ ಬಿಟ್ಟಿರಬೇಡಿ. ಮೂತ್ರಕ್ಕೆ ಹೋಗಬೇಕಾದೀತೆಂದು ಹಿರಿಯರು, ಅದರಲ್ಲೂ ಹೆಂಗಸರು, ಪ್ರವಾಸದಲ್ಲಿ ನೀರು ಕುಡಿಯುವುದನ್ನೇ ಬಿಡುತ್ತಾರೆ. ಇದು ನನ್ನ ತಾಯಿಯಲ್ಲಿಯೂ ಇದ್ದ ಅಭ್ಯಾಸ, ಬೈದರೆ ಹೋಗುವಂಥದಲ್ಲ. ಶೌಚಾಲಯ ಎಲ್ಲಿದೆ, ಹೇಗಿದೆ ಎಂದು ನೀವೇ ಮೊದಲು ಹೋಗಿ ನೋಡಿ ಬಂದು ‘ಚೆನ್ನಾಗಿದೆ, ಹತ್ತಿರವೇ ಇದೆ’ ಎಂದು ಹೇಳಿದರೆ ತಾನಾಗಿಯೇ ಬಾಟಲಿ ಕೈಗೆತ್ತಿಕೊಳ್ಳುತ್ತಾರೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಅಂದಿನ ಹೊತ್ತನ್ನು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ, ನೀವಾಗಿಯೇ ಬಿಡಿಸಬೇಡಿ.

ಬೇಲೂರಿನಿಂದ ಹಳೇಬೀಡು ಹದಿನಾರು ಹದಿನೇಳು ಕಿಲೋಮೀಟರ್, ಅರ್ಧ ಗಂಟೆಯ ದಾರಿ. 3ಕ್ಕೆ ಅಲ್ಲಿರಿ. ಹೊಯ್ಸಳರ ದೋರಸಮುದ್ರವಾಗಿದ್ದ ಈ ಊರು ಹಿರಿಯರಿಗೆ ಬೇಲೂರಿಗಿಂತ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅನುಭವ. ಬಾಗಿಲಿನಿಂದ ಹೊಯ್ಸಳೇಶ್ವರ ಗುಡಿಯವರೆಗೆ ದಾರಿ ಸಮತಟ್ಟು, ಸುತ್ತ ಹುಲ್ಲು, ಮರದ ನೆರಳು. ಪಾದರಕ್ಷೆಯನ್ನು ಜಗತಿಯ ಬುಡದಲ್ಲಿ ಬಿಟ್ಟರೆ ಸಾಕು. ಗಾಲಿಕುರ್ಚಿಯನ್ನು ನೀವೇ ಬಾಡಿಗೆಗೆ ತಂದಿದ್ದರೆ ಜಗತಿಯ ಬುಡದವರೆಗೂ ತಳ್ಳಿಕೊಂಡು ಹೋಗಬಹುದು. ಮೆಟ್ಟಿಲು ಹತ್ತಲಾರದವರಿಗೂ ಇಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಗುಡಿಯ ತೆಂಕಣಕ್ಕೆ ನೆಲಮಟ್ಟದಲ್ಲೇ ನಿಂತಿರುವ ಗರುಡಗಂಬವನ್ನು ಅವಸರದ ಪ್ರವಾಸಿಗರು ನೋಡದೆಯೇ ಹೋಗುತ್ತಾರೆ. ಎರಡನೆಯ ವೀರಬಲ್ಲಾಳನ ಬಂಟ ಕುವರ ಲಕ್ಷ್ಮ ತನ್ನ ಒಡೆಯನ ಸಾವಿನೊಂದಿಗೆ ಪ್ರಾಣ ಬಿಟ್ಟದ್ದನ್ನು ಹೇಳುವ ಕಂಬವದು. ಅದರ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಕೆತ್ತನೆಗಳಿವೆ. ಎದುರಿಗೆ ಕುರ್ಚಿ ಹಾಕಿ ಕುಳಿತು ಈ ಕಥೆ ಹೇಳಿ. ಪಕ್ಕದಲ್ಲಿರುವ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವನ್ನೂ ನೋಡುವ ಮನಸ್ಸಿದ್ದರೆ ಶುಕ್ರವಾರ ಬಿಟ್ಟು ಬೇರೆ ದಿನ ಹೋಗಿ, ಅಂದು ಅದಕ್ಕೆ ರಜೆ.

ಹೊಯ್ಸಳೇಶ್ವರ ಗುಡಿಯೂ ಪೂರ್ವಾಭಿಮುಖವಾದುದರಿಂದ ಮಧ್ಯಾಹ್ನದಲ್ಲಿ ಮೂಡಣ ಬದಿ ನೆರಳಾಗಿರುತ್ತದೆ. ದೊಡ್ಡ ನಂದಿಗಳೆರಡು ಕುಳಿತಿರುವ ಮಂಟಪಗಳು ಅದೇ ಬದಿಗಿವೆ. ಜಗತಿ ಹತ್ತಬಲ್ಲವರಾದರೆ ಮೊದಲು ಅಲ್ಲಿ ಅರ್ಧ ಗಂಟೆ ಕುಳಿತಿರಿ. ಈ ಗುಡಿಯ ಅತ್ಯುತ್ತಮ ಕೆತ್ತನೆಗಳಿರುವುದು ಪಡುವಣ ಗೋಡೆಯಲ್ಲಿ. ನಾಲ್ಕು ದಾಟಿದ ಮೇಲೆ ಅದರ ಮೇಲೆ ಬಿಸಿಲು ಓರೆಯಾಗಿ ಬೀಳತೊಡಗುತ್ತದೆ, ಆಗ ಆಭರಣದ ಒಂದೊಂದು ಎಳೆಗೂ ಅದರದೇ ನೆರಳು ಮೂಡಿ ಶಿಲ್ಪ ಗೋಡೆಯಿಂದ ಎದ್ದು ಬಂದಂತೆ ಕಾಣುತ್ತದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಇದೇ ಗೋಡೆ ಚಪ್ಪಟೆಯಾಗಿ, ಬರೀ ಕಪ್ಪಾಗಿ ತೋರುತ್ತದೆ.

ಇಲ್ಲಿ ಮಂಡಿನೋವಿನವರಿಗೇ ಮೀಸಲೆನ್ನಬಹುದಾದ ಒಂದು ಲಾಭವಿದೆ. ಗೋಡೆಯ ತಳದಿಂದ ಮೇಲಕ್ಕೆ ಪಟ್ಟಿಪಟ್ಟಿಯಾಗಿ ಕೆತ್ತನೆ ಏರುತ್ತದೆ: ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ರಾಮಾಯಣ ಮಹಾಭಾರತ ಭಾಗವತದ ಕಥೆಗಳು, ಮಕರಗಳು, ಹಂಸಗಳು. ನಿಂತು ನೋಡುವವರ ಕಣ್ಣು ಮೇಲಿನ ದೊಡ್ಡ ಮೂರ್ತಿಗಳ ಕಡೆಗೇ ಹೋಗುತ್ತದೆ, ಆನೆಗಳು ಕಾಲಬುಡದಲ್ಲೇ ಉಳಿಯುತ್ತವೆ. ಕುಳಿತವರಿಗೆ ಈ ಕೆಳಗಿನ ಪಟ್ಟಿಗಳು ಕಣ್ಣಿನ ನೇರಕ್ಕೆ ಬರುತ್ತವೆ. ಮಡಚುವ ಕುರ್ಚಿಯನ್ನು ಗೋಡೆಗೆ ತಾಗದಂತೆ, ನಾಲ್ಕು ಅಡಿ ದೂರದಲ್ಲಿಟ್ಟು ತಾಯಿಯವರನ್ನು ಕೂರಿಸಿ, ಆನೆಗಳಲ್ಲಿ ಒಂದರಂತೆ ಇನ್ನೊಂದು ಇದೆಯೇ ಹುಡುಕಿ ಎಂದು ಹೇಳಿ. ಒಂದರ ಸೊಂಡಿಲು ಮಡಚಿದೆ, ಇನ್ನೊಂದು ಮುಂದಿನದನ್ನು ತಡವುತ್ತಿದೆ, ಮತ್ತೊಂದರ ಬೆನ್ನಮೇಲೆ ಮಾವುತನಿದ್ದಾನೆ. ಈ ಗೋಡೆಯ ಮುಂದೆ ಒಬ್ಬ ವೃದ್ಧೆ ಮುಕ್ಕಾಲು ಗಂಟೆ ಒಂದೇ ಕಡೆ ಕುಳಿತು, ಎದ್ದಾಗ ತಾವು ಎಣಿಸಿದ ಆನೆಗಳ ಲೆಕ್ಕ ಹೇಳಿದ್ದನ್ನು ನಾನು ಕಂಡಿದ್ದೇನೆ. ಈ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ, ಇಷ್ಟು ಸೂಕ್ಷ್ಮವಾಗಿ ಕೆತ್ತಲು ಸಾಧ್ಯವಾದದ್ದು ಅದರಿಂದಲೇ. ಏಳುವಾಗ ಗೋಡೆಯನ್ನು ಆಸರೆಗೆ ಹಿಡಿಯದಂತೆ ನೋಡಿಕೊಳ್ಳಿ. ಕೈಯ ಜಿಡ್ಡು ಕೆತ್ತನೆಯನ್ನು ಸವೆಸುತ್ತದೆ, ಆಸರೆಗೆ ನಿಮ್ಮ ತೋಳು ಕೊಡಿ.

ಇನ್ನೂ ಶಕ್ತಿ ಉಳಿದಿದ್ದರೆ ಮಾತ್ರ ಕಾರಿನಲ್ಲಿ ಅರ್ಧ ಕಿಲೋಮೀಟರ್ ದೂರದ ಬಸ್ತಿಹಳ್ಳಿಗೆ ಹೋಗಿ. ಅಲ್ಲಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ. ಹೊರಗೋಡೆ ಸರಳ, ಒಳಗಿನ ಕಂಬಗಳಿಗೆ ಮಾತ್ರ ಕನ್ನಡಿಯ ಹೊಳಪು, ನಿಂತವರ ಬಿಂಬ ಅದರಲ್ಲಿ ಕಾಣುತ್ತದೆ. ಜನ ಕಡಿಮೆ, ಸದ್ದಿಲ್ಲ. ತಾಯಿಯವರು ಸಾಕೆಂದರೆ ಇದನ್ನು ಬಿಡಿ, ಬಿಟ್ಟದ್ದಕ್ಕೆ ಮರುಗಬೇಡಿ. ಐದೂವರೆಗೆ ಹೊರಟರೆ ಸುಮಾರು ಮುಕ್ಕಾಲು ಗಂಟೆಯಲ್ಲಿ ಹಾಸನ.

ಒಂದು ಪಕ್ಷ ಹೊರಡುವ ದಿನ ತಾಯಿಯವರ ಮಂಡಿ ಊದಿಕೊಂಡಿದ್ದರೆ ಪ್ರವಾಸವನ್ನೇ ರದ್ದು ಮಾಡಬೇಕಿಲ್ಲ. ಹಾಸನದಿಂದ ಬೇಲೂರಿನ ದಾರಿಯಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಕ್ಕೆ, ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯಿದೆ. ಬೇಲೂರಿಗಿಂತ ಕೆಲವು ವರ್ಷ ಹಳೆಯದಾದ, ನಾಲ್ಕು ಗರ್ಭಗುಡಿಗಳ ಈ ದೇವಾಲಯಕ್ಕೆ ಜಗತಿಯೇ ಇಲ್ಲ, ಆದ್ದರಿಂದ ಹತ್ತುವ ಕಷ್ಟ ಬಹಳ ಕಡಿಮೆ. ಪಕ್ಕದಲ್ಲಿ ಕೆರೆ, ಸುತ್ತ ತೋಟ. ಅಂದು ಅದೊಂದನ್ನೇ ನೋಡಿ ಕೋಣೆಗೆ ಮರಳಿದರೂ ದಿನ ತುಂಬಿರುತ್ತದೆ.

ಆ ರಾತ್ರಿಯೂ ಹಾಸನದಲ್ಲೇ ಉಳಿಯಿರಿ. ಮರುದಿನ ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ಮರಳುವಾಗ, ಹೆದ್ದಾರಿಯಿಂದ ಸುಮಾರು ಹನ್ನೆರಡು ಕಿಲೋಮೀಟರ್ ಒಳಕ್ಕೆ ತಿರುಗಿದರೆ ಶ್ರವಣಬೆಳಗೊಳ. ಬೆಟ್ಟ ಹತ್ತದೆಯೇ ಊರೊಳಗೆ ನೋಡಬಹುದಾದ ಬಸದಿಗಳು ಅಲ್ಲಿವೆ: ಇಪ್ಪತ್ನಾಲ್ಕು ತೀರ್ಥಂಕರರು ಒಂದೇ ಸಾಲಿನಲ್ಲಿ ನಿಂತಿರುವ ಭಂಡಾರ ಬಸದಿ, 1181ರಲ್ಲಿ ಆಚಿಯಕ್ಕ ಕಟ್ಟಿಸಿದ ಅಕ್ಕನ ಬಸದಿ. ಊರು ಸೇರುವ ಮುನ್ನವೇ ರಸ್ತೆಯಲ್ಲಿ ಒಂದೆಡೆ ಕಾರು ನಿಲ್ಲಿಸಿ, ಬೆಟ್ಟದ ನೆತ್ತಿಯ ಮೇಲೆ ಕಾಣುವ ಗೊಮ್ಮಟನ ತಲೆಯನ್ನು ಅದೇ ದುರ್ಬೀನಿನಲ್ಲಿ ತಾಯಿಯವರಿಗೆ ತೋರಿಸಿ. ಚಿಕ್ಕಮ್ಮನವರಿಗೆ ಬೆಟ್ಟ ಹತ್ತುವ ಉತ್ಸಾಹವಿದ್ದರೆ ಬಿಸಿಲೇರುವ ಮುನ್ನ ನಿಮ್ಮಲ್ಲೊಬ್ಬರು ಅವರ ಜೊತೆ ಹೋಗಿ ಬನ್ನಿ, ಅಷ್ಟರಲ್ಲಿ ಉಳಿದವರು ಅಕ್ಕನ ಬಸದಿಯ ನೆರಳಿನಲ್ಲಿ ಕುಳಿತಿರುತ್ತಾರೆ. ಮಧ್ಯಾಹ್ನದ ಊಟ ಮುಗಿಸಿ ಹೊರಟರೆ ಕತ್ತಲಾಗುವ ಮೊದಲೇ ಮನೆ ಸೇರುತ್ತೀರಿ.